ಸ್ಕಾಟ್ಲೆಂಡ್ ಬೇರೆಯಾದರೆ ಪೌಂಡ್ ಯಾರದು, ಫಾಸ್ಲೇನ್ ನೌಕಾನೆಲೆ ಯಾರದು?

ಪ್ರಶ್ನೆ: ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್, ಐರ್ಲೆಂಡ್ ಇವೆಲ್ಲ ಐವತ್ತು ಅರವತ್ತು ಲಕ್ಷ ಜನಸಂಖ್ಯೆಯ ದೇಶಗಳು. ತಮ್ಮ ಸೇನೆ, ತಮ್ಮ ಬೊಕ್ಕಸ ಎರಡನ್ನೂ ತಾವೇ ನೋಡಿಕೊಳ್ಳುತ್ತಿವೆ. ಹಾಗಿರುವಾಗ 55 ಲಕ್ಷ ಜನರಿರುವ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಹೊರಬರುವ ಮಾತೆತ್ತಿದಾಗಲೆಲ್ಲ ರಕ್ಷಣೆ ಮತ್ತು ಹಣಕಾಸಿನ ಕಾರಣ ಮುಂದಿಟ್ಟು ಅದು ಆಗದ ಕೆಲಸ ಎನ್ನುವುದೇಕೆ? ಇದು ಬರೀ ಹೆದರಿಸುವ ಮಾತೇ, ನಿಜವಾದ ತೊಡಕೇ?

ಉತ್ತರ: ನೀವು ಹೆಸರಿಸಿದ ದೇಶಗಳ ಗಾತ್ರಕ್ಕೂ ಸ್ಕಾಟ್ಲೆಂಡಿನ ಗಾತ್ರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬುದು ನಿಜ. ಅಷ್ಟು ಜನಸಂಖ್ಯೆಯ ದೇಶವೊಂದು ಸೇನೆ, ಕೇಂದ್ರ ಬ್ಯಾಂಕು, ತೆರಿಗೆ ವ್ಯವಸ್ಥೆಗಳನ್ನು ಹೊಂದಿ ಸುಸ್ಥಿತಿಯಲ್ಲಿ ಬಾಳಬಲ್ಲದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತೊಡಕು ಇರುವುದು ಆ ಸ್ಥಿತಿಯನ್ನು ತಲುಪುವ ದಾರಿಯಲ್ಲಿ. 1707ರಿಂದ ಒಂದೇ ರಾಜ್ಯವಾಗಿ ಬೆಳೆದ ಎರಡು ದೇಶಗಳ ನಡುವೆ ನಾಣ್ಯ, ಸಾಲ, ಬ್ಯಾಂಕು, ನೌಕಾನೆಲೆ, ಹಡಗುಕಟ್ಟೆಗಳೆಲ್ಲ ಹೆಣೆದುಕೊಂಡಿವೆ. ಅವುಗಳಲ್ಲಿ ಯಾವುದನ್ನು ಮೊದಲು ಬಿಡಿಸಬೇಕು, ಯಾವುದನ್ನು ಎಷ್ಟು ವರ್ಷ ಹಾಗೆಯೇ ಬಿಡಬೇಕು ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. 2014ರ ಸೆಪ್ಟೆಂಬರ್ 18ರ ಜನಮತಗಣನೆಯಲ್ಲಿ ಶೇ 55.3 ಮತದಾರರು ಬೇಡವೆಂದರು, ಶೇ 44.7 ಮಂದಿ ಬೇಕೆಂದರು. ಮತ್ತೊಮ್ಮೆ ಜನಮತಗಣನೆ ನಡೆಸಲು ವೆಸ್ಟ್‌ಮಿನ್‌ಸ್ಟರ್‌ನ, ಅಂದರೆ ಲಂಡನ್ನಿನ ಬ್ರಿಟಿಷ್ ಸಂಸತ್ತಿನ, ಒಪ್ಪಿಗೆ ಅಗತ್ಯವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಹೇಳಿದೆ. ಆದ್ದರಿಂದ ಸದ್ಯಕ್ಕೆ ಇದು ತಕ್ಷಣದ ಪ್ರಶ್ನೆಯಲ್ಲ. ಆದರೆ 2014ರ ಚರ್ಚೆಯಲ್ಲಿ ಎದ್ದ ಅಂಶಗಳು ಒಂದೂ ಹಳತಾಗಿಲ್ಲ, ಕೆಲವಂತೂ ಇನ್ನಷ್ಟು ಜಟಿಲವಾಗಿವೆ.

ಮೊದಲು ನಾಣ್ಯದ ವಿಷಯವನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಲೆಕ್ಕಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ. ಅಂದಿನ ಸ್ಕಾಟಿಷ್ ಸರ್ಕಾರ 2013ರ ನವೆಂಬರಿನಲ್ಲಿ ಹೊರಡಿಸಿದ ಶ್ವೇತಪತ್ರದಲ್ಲಿ, ಸ್ವತಂತ್ರ ಸ್ಕಾಟ್ಲೆಂಡ್ ಉಳಿದ ಬ್ರಿಟನ್ನಿನೊಂದಿಗೆ ಔಪಚಾರಿಕ ನಾಣ್ಯ ಒಕ್ಕೂಟ ಮಾಡಿಕೊಂಡು ಪೌಂಡನ್ನೇ ಬಳಸುವುದಾಗಿ ಹೇಳಿತ್ತು. ಅದಕ್ಕೆ ಉತ್ತರಗಳು 2014ರ ಆರಂಭದಲ್ಲಿ, ಒಂದೇ ತಿಂಗಳ ಅವಧಿಯಲ್ಲಿ ಬಂದವು. ಜನವರಿ 13ರಂದು ಬ್ರಿಟಿಷ್ ಖಜಾನೆಯು, ಫಲಿತಾಂಶ ಏನೇ ಆದರೂ ಈಗಾಗಲೇ ಹೊರಡಿಸಿರುವ ಎಲ್ಲ ಸರ್ಕಾರಿ ಸಾಲಪತ್ರಗಳಿಗೂ ತಾನೇ ಹೊಣೆ ಎಂದು ಪ್ರಕಟಿಸಿತು. ಜನವರಿ 29ರಂದು ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮಾರ್ಕ್ ಕಾರ್ನಿ ಎಡಿನ್‌ಬರೊದಲ್ಲಿ ಮಾತನಾಡಿ, ನಾಣ್ಯ ಒಕ್ಕೂಟ ಬಾಳಬೇಕಾದರೆ ಸಾರ್ವಭೌಮತ್ವದ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ವಿವರಿಸಿದರು. ಫೆಬ್ರವರಿ 13ರಂದು ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಅದೇ ನಗರದಲ್ಲಿ ನಿಂತು ಅಂಥ ಒಕ್ಕೂಟ ಸಾಧ್ಯವೇ ಇಲ್ಲ ಎಂದರು. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳೂ ಅದೇ ನಿಲುವು ತಳೆದವು.

ಈ ಮೂರರಲ್ಲಿ ಹೆಚ್ಚು ಸದ್ದು ಮಾಡಿದ್ದು ಮೂರನೆಯದು. ನನ್ನ ದೃಷ್ಟಿಯಲ್ಲಿ ಮಹತ್ವದ್ದು ಮೊದಲನೆಯದು. ಸಾಲಪತ್ರ ಹೊರಡಿಸಿದ್ದು ಬ್ರಿಟನ್. ಕೊಂಡ ಹೂಡಿಕೆದಾರರಿಗೆ ಸ್ಕಾಟ್ಲೆಂಡ್ ಎಂಬ ಹೊಸ ಸಾಲಗಾರನನ್ನು ಏಕಪಕ್ಷೀಯವಾಗಿ ಗಂಟುಹಾಕಲು ಬರುವುದಿಲ್ಲ. ಹೀಗಾಗಿ ಸ್ಕಾಟ್ಲೆಂಡ್ ಹೊರುವ ಪಾಲು ಎಂದರೆ, ಲಂಡನ್ನಿಗೆ ವರ್ಷವರ್ಷವೂ ಕಟ್ಟುವ ಒಂದು ಹೊಸ ಬಾಕಿ. ಬ್ರಿಟನ್ನಿನ ಸಾರ್ವಜನಿಕ ಸಾಲ 2024ರ ಹೊತ್ತಿಗೆ ಸುಮಾರು 2.7 ಲಕ್ಷ ಕೋಟಿ ಪೌಂಡ್ ಇತ್ತು. ಜನಸಂಖ್ಯೆಯ ಪ್ರಕಾರ ಹಂಚಿದರೆ ಸ್ಕಾಟ್ಲೆಂಡಿನ ಪಾಲು 22,000 ಕೋಟಿ ಪೌಂಡ್ ದಾಟುತ್ತದೆ. ನಾಣ್ಯದಲ್ಲಿ ಪಾಲು ಕೊಡದಿದ್ದರೆ ಸಾಲದಲ್ಲೂ ಪಾಲು ಹೊರುವುದಿಲ್ಲ ಎಂದು ಅಂದಿನ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಬಳಗ ವಾದಿಸಿತು. ಕಾನೂನಿನ ದೃಷ್ಟಿಯಿಂದ ಈ ವಾದಕ್ಕೆ ಆಧಾರವಿಲ್ಲದೆ ಇಲ್ಲ. ಸೋವಿಯತ್ ಒಕ್ಕೂಟ ಕುಸಿದಾಗ ರಷ್ಯಾ ಇಡೀ ವಿದೇಶಿ ಸಾಲವನ್ನು ತಾನೇ ಹೊತ್ತುಕೊಂಡಿತು. ಆದರೆ ಅದಕ್ಕೆ ಪ್ರತಿಯಾಗಿ ವಿದೇಶಗಳಲ್ಲಿದ್ದ ಸೋವಿಯತ್ ಆಸ್ತಿಯನ್ನೂ ತಾನೇ ಇಟ್ಟುಕೊಂಡಿತು ಎಂಬುದನ್ನು ಈ ವಾದ ಮಂಡಿಸುವವರು ಹೇಳುವುದಿಲ್ಲ. ಸಾಲ ಬೇಡವೆಂದವರಿಗೆ ಯುದ್ಧನೌಕೆ ಮತ್ತು ವಿಮಾನಗಳಲ್ಲಿ ಪಾಲು ಕೇಳುವುದು ಕಷ್ಟ. ರಕ್ಷಣೆ ಮತ್ತು ಹಣಕಾಸು ಒಂದನ್ನೊಂದು ಮೊದಲು ಸಂಧಿಸುವುದು ಇಲ್ಲಿಯೇ.

ಒಪ್ಪಂದವಿಲ್ಲದೆಯೂ ಪೌಂಡನ್ನು ಬಳಸಬಹುದಲ್ಲ ಎಂದು ನೀವು ಕೇಳಬಹುದು. ಬಳಸಬಹುದು, ಮಾಂಟೆನೆಗ್ರೊ ಯೂರೋವನ್ನೂ, ಪನಾಮಾ ಅಮೆರಿಕದ ಡಾಲರನ್ನೂ ಹಾಗೆಯೇ ಬಳಸುತ್ತಿವೆ. ಆದರೆ ಆಗ ಬಡ್ಡಿದರ ಬೇರೊಂದು ದೇಶದಲ್ಲಿ ನಿರ್ಧಾರವಾಗುತ್ತದೆ, ಬ್ಯಾಂಕು ಮುಳುಗುವ ಹೊತ್ತಿನಲ್ಲಿ ನೋಟು ಮುದ್ರಿಸಿ ಕಾಪಾಡುವ ಕೇಂದ್ರ ಬ್ಯಾಂಕು ಬೆನ್ನಿಗಿರುವುದಿಲ್ಲ. ಸ್ಕಾಟ್ಲೆಂಡಿಗೆ ಇದು ಪುಸ್ತಕದ ಮಾತಲ್ಲ. 2008ರಲ್ಲಿ ಕುಸಿಯುತ್ತಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ವ್ಯವಹಾರದ ಗಾತ್ರ ಇಡೀ ಬ್ರಿಟನ್ನಿನ ಜಿಡಿಪಿಗಿಂತ ದೊಡ್ಡದಿತ್ತು. ಅದನ್ನು ಉಳಿಸಲು ಬ್ರಿಟಿಷ್ ಸರ್ಕಾರ ಸುಮಾರು 4,550 ಕೋಟಿ ಪೌಂಡ್ ಬಂಡವಾಳ ಸುರಿಯಬೇಕಾಯಿತು. 2014ರ ಸೆಪ್ಟೆಂಬರಿನಲ್ಲಿ ಒಂದು ಸಮೀಕ್ಷೆ ಪ್ರತ್ಯೇಕತೆಯ ಪರವಾದವರಿಗೆ ಶೇ 51 ತೋರಿಸಿದ ಕೆಲವೇ ದಿನಗಳಲ್ಲಿ ಈ ಬ್ಯಾಂಕೂ ಲಾಯ್ಡ್ಸ್ ಕೂಡ, ಫಲಿತಾಂಶ ಆ ಕಡೆಗೆ ವಾಲಿದರೆ ತಮ್ಮ ನೋಂದಾಯಿತ ಕಚೇರಿಯನ್ನು ಇಂಗ್ಲೆಂಡಿಗೆ ಸಾಗಿಸುವುದಾಗಿ ಪ್ರಕಟಿಸಿದವು. ಅದನ್ನು ಬೆದರಿಕೆ ಎಂದವರುಂಟು. ಠೇವಣಿದಾರರ ಹಣಕ್ಕೆ ಯಾವ ಕೇಂದ್ರ ಬ್ಯಾಂಕು ಭರವಸೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಾಗ ಯಾವ ಬ್ಯಾಂಕಾದರೂ ಅದನ್ನೇ ಮಾಡುತ್ತಿತ್ತು ಎಂದು ನನಗನಿಸುತ್ತದೆ. ಒಂದು ಸ್ವಾರಸ್ಯದ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಸ್ಕಾಟ್ಲೆಂಡಿನ ಮೂರು ವಾಣಿಜ್ಯ ಬ್ಯಾಂಕುಗಳು ಇಂದಿಗೂ ತಮ್ಮದೇ ಪೌಂಡ್ ನೋಟುಗಳನ್ನು ಹೊರಡಿಸುತ್ತವೆ. ಅವುಗಳಿಗೆ ಆಧಾರವಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಖಜಾನೆಯಲ್ಲಿ, ಸಾರ್ವಜನಿಕರ ಕೈಗೆ ಎಂದೂ ಬಾರದ, ತಲಾ ಹತ್ತು ಕೋಟಿ ಪೌಂಡ್ ಮುಖಬೆಲೆಯ 'ಟೈಟನ್' ಎಂಬ ನೋಟುಗಳಿವೆ. ಸ್ಕಾಟ್ಲೆಂಡಿನ ಬ್ಯಾಂಕು ಹೊರಡಿಸಿದ ನೋಟಿನ ಬೆಲೆ ಲಂಡನ್ನಿನ ಕಪಾಟಿನಲ್ಲಿದೆ.

ಹಾಗಾದರೆ ಸ್ವಂತ ನಾಣ್ಯ? ದೂರದೃಷ್ಟಿಯಿಂದ ಅದೇ ಸರಿಯಾದ ದಾರಿ ಎಂದು ಈಗ ಪ್ರತ್ಯೇಕತಾವಾದಿಗಳಲ್ಲೇ ಹಲವರು ಒಪ್ಪುತ್ತಾರೆ. 2022ರ ಅಕ್ಟೋಬರಿನಲ್ಲಿ ನಿಕೊಲಾ ಸ್ಟರ್ಜನ್ ಸರ್ಕಾರ ಹೊರಡಿಸಿದ ದಾಖಲೆಯೂ ಮೊದಲು ಪೌಂಡನ್ನು ಬಳಸಿ, ಸಾಧ್ಯವಾದಷ್ಟು ಬೇಗ ಸ್ಕಾಟಿಷ್ ಪೌಂಡಿಗೆ ಹೋಗುವುದಾಗಿ ಹೇಳಿತು. ತೊಡಕು ಆ 'ಮೊದಲು' ಮತ್ತು 'ಬೇಗ'ಗಳ ನಡುವಿನ ಅವಧಿಯದು. ಹೊಸ ನಾಣ್ಯ ಬರಲಿದೆ ಎಂದು ಮೊದಲೇ ಘೋಷಿಸಿದರೆ, ಅದು ಅಪಮೌಲ್ಯಗೊಳ್ಳಬಹುದೆಂಬ ಭಯದಿಂದ ಜನ ತಮ್ಮ ಉಳಿತಾಯವನ್ನು ಗಡಿಯಾಚೆಯ ಬ್ಯಾಂಕುಗಳಿಗೆ ಸಾಗಿಸಲು ತೊಡಗುತ್ತಾರೆ. 1993ರ ಜನವರಿ 1ರಂದು ಬೇರೆಯಾದ ಜೆಕ್ ಮತ್ತು ಸ್ಲೊವಾಕ್ ಗಣರಾಜ್ಯಗಳು ಒಂದೇ ನಾಣ್ಯವನ್ನು ಕೆಲಕಾಲ ಉಳಿಸಿಕೊಳ್ಳಲು ಒಪ್ಪಿದ್ದವು; ಹಣ ಸ್ಲೊವಾಕಿಯಾದಿಂದ ಹೊರಗೆ ಹರಿಯತೊಡಗಿ, ಫೆಬ್ರವರಿ 8ರ ಹೊತ್ತಿಗೆ ಆ ಒಕ್ಕೂಟ ಮುಗಿದೇಹೋಯಿತು. ಸ್ಕಾಟ್ಲೆಂಡಿನಲ್ಲಿ ಮನೆ ಸಾಲಗಳೂ ಪಿಂಚಣಿಗಳೂ ಪೌಂಡಿನಲ್ಲಿವೆ. ಸಂಬಳ ಹೊಸ ನಾಣ್ಯದಲ್ಲಿ, ಸಾಲದ ಕಂತು ಹಳೆಯ ನಾಣ್ಯದಲ್ಲಿ ಎಂದಾದರೆ ವಿನಿಮಯ ದರ ಇಳಿದಾಗಲೆಲ್ಲ ಹೊರೆ ಏರುತ್ತದೆ.

ವಿತ್ತೀಯ ಕೊರತೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಸ್ಕಾಟಿಷ್ ಸರ್ಕಾರವೇ ವರ್ಷವರ್ಷ ಪ್ರಕಟಿಸುವ ಲೆಕ್ಕದ ಪ್ರಕಾರ 2023–24ರಲ್ಲಿ ಸ್ಕಾಟ್ಲೆಂಡಿನ ಆದಾಯಕ್ಕೂ ವೆಚ್ಚಕ್ಕೂ ನಡುವಿನ ಅಂತರ 2,270 ಕೋಟಿ ಪೌಂಡ್, ಅಂದರೆ ಜಿಡಿಪಿಯ ಶೇ 10.4, ಅದೇ ವರ್ಷ ಇಡೀ ಬ್ರಿಟನ್ನಿನದು ಶೇ 4.5. ಇದು ಬ್ರಿಟನ್ನಿನೊಳಗಿನ ಇಂದಿನ ಸ್ಥಿತಿಯ ಚಿತ್ರವೇ ಹೊರತು ಸ್ವತಂತ್ರ ದೇಶದ ಬಜೆಟ್ ಅಲ್ಲ; ಬ್ರಿಟನ್ನಿನ ಸಾಲದ ಬಡ್ಡಿ, ರಕ್ಷಣಾ ವೆಚ್ಚಗಳಲ್ಲಿ ಸ್ಕಾಟ್ಲೆಂಡಿನ ತಲೆಗೆ ಹಾಕಿದ ಪಾಲೂ ಇದರಲ್ಲಿ ಸೇರಿದೆ. ಆದರೆ ಬೇರೆಯಾದ ಮೊದಲ ದಿನ ಹೊಸ ಸರ್ಕಾರ ಎಲ್ಲಿಂದ ಹೊರಡಬೇಕಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಅಷ್ಟು ಕೊರತೆಯನ್ನು, ತಾನು ಮುದ್ರಿಸಲಾಗದ ನಾಣ್ಯದಲ್ಲಿ, ಸಾಲದ ಇತಿಹಾಸವೇ ಇಲ್ಲದ ದೇಶವೊಂದು ಮಾರುಕಟ್ಟೆಯಿಂದ ಎತ್ತಬೇಕು.

ತೈಲ ಇದನ್ನು ತುಂಬುತ್ತದೆ ಎಂಬುದು ದಶಕಗಳ ನಂಬಿಕೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನೀವು ಯಾವ ವರ್ಷವನ್ನು ಹಿಡಿದು ಮಾತನಾಡುತ್ತೀರಿ ಎಂಬುದರ ಮೇಲೆ ನಿಂತಿದೆ. 1974ರಲ್ಲಿ ಸರ್ಕಾರಿ ಅರ್ಥಶಾಸ್ತ್ರಜ್ಞ ಗ್ಯಾವಿನ್ ಮಕ್ರೋನ್ ಬರೆದ ವರದಿ, ಉತ್ತರ ಸಮುದ್ರದ ತೈಲ ಸಿಕ್ಕರೆ ಸ್ವತಂತ್ರ ಸ್ಕಾಟ್ಲೆಂಡಿನ ನಾಣ್ಯ ಯುರೋಪಿನ ಬಲಿಷ್ಠ ನಾಣ್ಯಗಳಲ್ಲೊಂದಾಗಬಹುದೆಂದು ಅಂದಾಜಿಸಿತ್ತು. ಅದು ಸಾರ್ವಜನಿಕರ ಕೈಗೆ ಬಂದದ್ದು 2005ರಲ್ಲಿ. 2013ರ ಶ್ವೇತಪತ್ರ ಬ್ಯಾರೆಲ್ಲಿಗೆ 110 ಡಾಲರ್ ಬೆಲೆ ಹಿಡಿದು, 2016–17ರ ತೈಲ ಆದಾಯ 680ರಿಂದ 790 ಕೋಟಿ ಪೌಂಡ್ ಎಂದು ಲೆಕ್ಕ ಹಾಕಿತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿದಿತ್ತು. 2015–16ರಲ್ಲಿ ಸ್ಕಾಟ್ಲೆಂಡಿನ ಪಾಲಿನ ತೈಲ ಆದಾಯ ಆರು ಕೋಟಿ ಪೌಂಡಿಗೆ ಕುಸಿಯಿತು. ಆ ಶ್ವೇತಪತ್ರದ ಪ್ರಕಾರ ಸ್ವಾತಂತ್ರ್ಯದ ದಿನ 2016ರ ಮಾರ್ಚ್ 24 ಆಗಬೇಕಿತ್ತು. ಅದಕ್ಕಿಂತ ಕೆಟ್ಟ ಮುಹೂರ್ತ ಸಿಗುತ್ತಿರಲಿಲ್ಲ.

ಈಗ ರಕ್ಷಣೆಗೆ ಬರೋಣ. ಗ್ಲ್ಯಾಸ್ಗೊ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಗೇರ್ ಲಾಖ್ ಎಂಬ ಸಮುದ್ರದ ಚಾಚಿನ ದಡದಲ್ಲಿ ಫಾಸ್ಲೇನ್ ನೌಕಾನೆಲೆಯಿದೆ. ಬ್ರಿಟನ್ನಿನ ನಾಲ್ಕು ವ್ಯಾನ್‌ಗಾರ್ಡ್ ಜಲಾಂತರ್ಗಾಮಿಗಳ ನೆಲೆ ಅದು. ಅವುಗಳ ಟ್ರೈಡೆಂಟ್ ಕ್ಷಿಪಣಿಗಳ ಅಣು ಸಿಡಿತಲೆಗಳನ್ನು ಗುಡ್ಡದಾಚೆಯ ಕೂಲ್‌ಪೋರ್ಟ್‌ನಲ್ಲಿ ಇಡಲಾಗುತ್ತದೆ. 1969ರಿಂದ ಇಂದಿನವರೆಗೆ, ಅಣ್ವಸ್ತ್ರ ಹೊತ್ತ ಒಂದಲ್ಲ ಒಂದು ಬ್ರಿಟಿಷ್ ಜಲಾಂತರ್ಗಾಮಿ ಯಾವಾಗಲೂ ಸಮುದ್ರದೊಳಗಿದೆ. ಅಂದರೆ ಬ್ರಿಟನ್ನಿನ ಅಣ್ವಸ್ತ್ರ ಬಲವೆಲ್ಲ ಒಕ್ಕೂಟವನ್ನು ಬಿಡಬಯಸುವ ದೇಶದ ನೆಲದಲ್ಲೇ ನಿಂತಿದೆ. ನಿಮ್ಮ ಪಟ್ಟಿಯ ಯಾವ ದೇಶಕ್ಕೂ ಇಂಥ ಸಮಸ್ಯೆ ಇರಲಿಲ್ಲ.

ಸ್ವಾತಂತ್ರ್ಯಾನಂತರದ ಮೊದಲ ಸಂಸತ್ತಿನ ಅವಧಿಯೊಳಗೆ, ಅಂದರೆ 2020ರ ಹೊತ್ತಿಗೆ, ಟ್ರೈಡೆಂಟನ್ನು ತೆರವುಗೊಳಿಸಬೇಕೆಂಬುದು ಶ್ವೇತಪತ್ರದ ನಿಲುವಾಗಿತ್ತು. ಸಿಡಿತಲೆಗಳನ್ನು ನಿಷ್ಕ್ರಿಯಗೊಳಿಸಿ ಸಾಗಿಸುವುದು ತಾಂತ್ರಿಕವಾಗಿ ಎರಡು ವರ್ಷಗಳೊಳಗೆ ಮುಗಿಯಬಹುದಾದ ಕೆಲಸ. ಆದರೆ ಸಾಗಿಸುವುದು ಎಲ್ಲಿಗೆ? ಜಲಾಂತರ್ಗಾಮಿಗಳು ತಂಗಲು ದಕ್ಷಿಣ ಇಂಗ್ಲೆಂಡಿನ ಡೆವನ್‌ಪೋರ್ಟ್ ಇದೆ. ಆದರೆ ಅದು ಪ್ಲಿಮತ್ ನಗರದ ಒಡಲಲ್ಲೇ ಇದೆ. ಸಿಡಿತಲೆಗಳ ಉಗ್ರಾಣಕ್ಕೆ ಆಳವಾದ ನೀರು, ಜನವಸತಿಯಿಂದ ದೂರ, ಸುತ್ತ ಗುಡ್ಡ ಎಲ್ಲವೂ ಬೇಕು. ಲಂಡನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ ರೂಸಿ 2014ರಲ್ಲಿ ಮಾಡಿದ ಅಂದಾಜಿನಂತೆ ಈ ಸ್ಥಳಾಂತರಕ್ಕೆ 250ರಿಂದ 350 ಕೋಟಿ ಪೌಂಡ್ ತಗಲುತ್ತಿತ್ತು ಮತ್ತು ಅದು ಮುಗಿಯುವುದು 2020ರಲ್ಲಲ್ಲ, 2028ರ ಸುಮಾರಿಗೆ. ಹಣ ಅಷ್ಟು ದೊಡ್ಡ ಅಡ್ಡಿಯಲ್ಲ ಎಂಬುದನ್ನು ಗಮನಿಸಿ. ಅಡ್ಡಿ ಕಾಲದ್ದು.

ಇಲ್ಲೇ ಚೌಕಾಸಿಯ ಮಾತು ಬರುತ್ತದೆ. ಫಾಸ್ಲೇನನ್ನು ಇನ್ನೂ ಹದಿನೈದು ವರ್ಷ ಬಳಸಲು ಬಿಟ್ಟರೆ ಲಂಡನ್ ನಾಣ್ಯದ ವಿಷಯದಲ್ಲಿ ಮೆತ್ತಗಾಗುವುದಿಲ್ಲವೇ? 2014ರಲ್ಲಿ ಇಂಥ ವಿನಿಮಯದ ಮಾತು ತೆರೆಮರೆಯಲ್ಲಿ ಓಡಾಡುತ್ತಿತ್ತು. ಅದಕ್ಕೂ ಮೊದಲು, 2013ರಲ್ಲಿ, ಸೈಪ್ರಸ್‌ನಲ್ಲಿ 1960ರಿಂದ ಇರುವ ಬ್ರಿಟಿಷ್ ಸಾರ್ವಭೌಮ ನೆಲೆಗಳಂತೆ ಫಾಸ್ಲೇನನ್ನೂ ಬ್ರಿಟನ್ ಉಳಿಸಿಕೊಳ್ಳುವ ಯೋಚನೆಯಿದೆ ಎಂದು ಪತ್ರಿಕೆಯೊಂದು ಬರೆದಾಗ ಪ್ರಧಾನಿ ಕಚೇರಿ ಕೂಡಲೇ ಅದನ್ನು ಅಲ್ಲಗಳೆಯಿತು. ನೆಲೆ ಸ್ಕಾಟ್ಲೆಂಡಿನ ಕೈಯಲ್ಲಿರುವ ದೊಡ್ಡ ತುರುಪು ನಿಜ. ಆದರೆ ಅಣ್ವಸ್ತ್ರ ವಿರೋಧವನ್ನೇ ಗುರುತಾಗಿಸಿಕೊಂಡ ಪಕ್ಷವೊಂದು ಅದನ್ನು ಬಳಸಿದ ಕ್ಷಣವೇ ತನ್ನ ಬೆಂಬಲಿಗರಿಗೆ ಕೊಟ್ಟ ಮಾತನ್ನು ಮುರಿಯಬೇಕಾಗುತ್ತದೆ. ಬಳಸದೆ, ತ್ವರಿತ ತೆರವಿಗೆ ಪಟ್ಟು ಹಿಡಿದರೆ ನಾಣ್ಯ, ಸಾಲ, ವ್ಯಾಪಾರಗಳ ಮಾತುಕತೆಯಲ್ಲಿ ಎದುರು ಕುಳಿತವರು ಗಟ್ಟಿಯಾಗುತ್ತಾರೆ.

ನ್ಯಾಟೊ ಸದಸ್ಯತ್ವಕ್ಕೂ ಇದು ತಳುಕು ಹಾಕಿಕೊಂಡಿದೆ. ಪ್ರತ್ಯೇಕತೆಯ ಪರವಾದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 2012ರ ಅಕ್ಟೋಬರಿನಲ್ಲಿ, ಅಲ್ಪ ಅಂತರದ ಮತದಿಂದ, ನ್ಯಾಟೊದಿಂದ ಹೊರಗುಳಿಯುವ ಹಳೆಯ ನಿಲುವನ್ನು ಬಿಟ್ಟಿತು. ಇಬ್ಬರು ಶಾಸಕರು ಪಕ್ಷವನ್ನೇ ತೊರೆದರು. ಹೊಸ ಸದಸ್ಯರನ್ನು ಸೇರಿಸಿಕೊಳ್ಳಲು ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು, ಅವುಗಳಲ್ಲಿ ಉಳಿದ ಬ್ರಿಟನ್ನೂ ಒಂದು. ನಾರ್ವೆ, ಡೆನ್ಮಾರ್ಕುಗಳು ಶಾಂತಿಕಾಲದಲ್ಲಿ ತಮ್ಮ ನೆಲದಲ್ಲಿ ಅಣ್ವಸ್ತ್ರ ಇರಗೊಡುವುದಿಲ್ಲವಲ್ಲ ಎಂಬ ವಾದವಿದೆ. ಅದು ಅರ್ಧ ಸರಿ. ಬಾರದಂತೆ ತಡೆಯುವುದಕ್ಕೂ, ಮಿತ್ರದೇಶವೊಂದರ ಏಕೈಕ ನೆಲೆಯನ್ನು ಖಾಲಿ ಮಾಡಿಸುವುದಕ್ಕೂ ರಾಜತಾಂತ್ರಿಕವಾಗಿ ಬಹಳ ಅಂತರವಿದೆ. ಅದೇ ಹೊತ್ತಿಗೆ ಸ್ಕಾಟ್ಲೆಂಡನ್ನು ಹೊರಗಿಡುವುದೂ ನ್ಯಾಟೊಗೆ ಕಷ್ಟ. ಗ್ರೀನ್‌ಲೆಂಡ್, ಐಸ್‌ಲೆಂಡ್, ಬ್ರಿಟನ್‌ಗಳ ನಡುವಿನ ಸಮುದ್ರಮಾರ್ಗದಲ್ಲಿ ರಷ್ಯಾದ ಜಲಾಂತರ್ಗಾಮಿಗಳನ್ನು ಹುಡುಕುವ ಒಂಬತ್ತು ಪೊಸೈಡನ್ ವಿಮಾನಗಳು ಇರುವುದು ಉತ್ತರ ಸ್ಕಾಟ್ಲೆಂಡಿನ ಲಾಸಿಮತ್ ವಾಯುನೆಲೆಯಲ್ಲಿ. 2022ರಲ್ಲಿ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿಯಾದ ಮೇಲೆ ಆ ನೆಲೆಯ ಬೆಲೆ ಏರಿದೆ. ನನ್ನ ಅಭಿಪ್ರಾಯದಲ್ಲಿ ಮುಂದಿನ ಯಾವುದೇ ಮಾತುಕತೆಯಲ್ಲಿ ಸ್ಕಾಟ್ಲೆಂಡಿಗೆ ಫಾಸ್ಲೇನಿಗಿಂತ ಲಾಸಿಮತ್ ಹೆಚ್ಚು ನೆರವಾಗಬಹುದು.

ಸೇನೆಯ ಗಾತ್ರದ ವಿಷಯ ಇಷ್ಟು ಕಷ್ಟದ್ದಲ್ಲ. ಹತ್ತು ವರ್ಷಗಳಲ್ಲಿ 15,000 ಕಾಯಂ ಯೋಧರು, 5,000 ಮೀಸಲು ಯೋಧರು. ಮೊದಲ ದಿನಕ್ಕೆ ಎರಡು ಫ್ರಿಗೇಟ್ ಯುದ್ಧನೌಕೆಗಳು, ಕನಿಷ್ಠ ಹನ್ನೆರಡು ಟೈಫೂನ್ ಯುದ್ಧವಿಮಾನಗಳು ಎಂದು ಶ್ವೇತಪತ್ರ ಪಟ್ಟಿ ಮಾಡಿತ್ತು. ವಿಮಾನ ಪಡೆದರೂ ಪೈಲಟ್ ತರಬೇತಿ, ಬಿಡಿಭಾಗ, ಸಾಫ್ಟ್‌ವೇರ್‌ಗಳಿಗೆ ಹಲವು ವರ್ಷ ಬ್ರಿಟನ್ನನ್ನೇ ಅವಲಂಬಿಸಬೇಕಾಗುತ್ತದೆ. ವೆಚ್ಚದ ಲೆಕ್ಕವಂತೂ ಆಮೇಲೆ ಪೂರ್ತಿ ಬದಲಾಗಿದೆ. ಆಗ ಅಂದಾಜಿಸಿದ್ದು ವರ್ಷಕ್ಕೆ 250 ಕೋಟಿ ಪೌಂಡ್. ಇಂದಿನ ಸ್ಕಾಟಿಷ್ ಜಿಡಿಪಿ ಸುಮಾರು 22,000 ಕೋಟಿ ಪೌಂಡ್ ಎಂದಿಟ್ಟುಕೊಂಡರೆ, ನ್ಯಾಟೊದ ಹಳೆಯ ಶೇ 2ರ ಗುರಿಗೇ 440 ಕೋಟಿ ಬೇಕು. 2025ರ ಹೇಗ್ ಶೃಂಗಸಭೆಯಲ್ಲಿ 2035ಕ್ಕೆಂದು ಒಪ್ಪಿದ ಶೇ 3.5ಕ್ಕೆ 770 ಕೋಟಿ. ಶೇ 10ರ ಕೊರತೆಯನ್ನು ತಗ್ಗಿಸುತ್ತಲೇ ಇದನ್ನು ಹೊಂದಿಸಬೇಕು. ನಿಮ್ಮ ಹೋಲಿಕೆಯನ್ನು ಇಲ್ಲಿ ಇನ್ನೊಮ್ಮೆ ನೋಡಿ: ಐರ್ಲೆಂಡ್ ನ್ಯಾಟೊದಲ್ಲಿಲ್ಲ, ರಕ್ಷಣೆಗೆ ಬಹಳ ಕಡಿಮೆ ಖರ್ಚು ಮಾಡುತ್ತದೆ. ಉಳಿದ ಮೂರೂ ದೇಶಗಳಲ್ಲಿ ಕಡ್ಡಾಯ ಸೇನಾ ಸೇವೆಯಿದೆ, ಸ್ಕಾಟ್ಲೆಂಡಿನಲ್ಲಿ ಪ್ರತ್ಯೇಕತೆಯ ಪರವಾದ ಯಾವ ಪ್ರಮುಖ ಪಕ್ಷವೂ ಅದರ ಮಾತೆತ್ತಿಲ್ಲ.

ಹಡಗುಕಟ್ಟೆಗಳ ಬಗ್ಗೆ ಒಂದು ಮಾತು. ಕ್ಲೈಡ್ ನದಿಯ ಗೋವನ್ ಮತ್ತು ಸ್ಕಾಟ್ಸ್‌ಟನ್ ಕಟ್ಟೆಗಳಲ್ಲಿ ಬ್ರಿಟಿಷ್ ನೌಕಾಪಡೆಯ ಟೈಪ್ 26 ಫ್ರಿಗೇಟ್‌ಗಳು ತಯಾರಾಗುತ್ತವೆ. ಸಂಕೀರ್ಣ ಯುದ್ಧನೌಕೆಗಳನ್ನು ದೇಶದೊಳಗೇ ಕಟ್ಟಿಸುವುದು ಬ್ರಿಟನ್ನಿನ ನೀತಿ. ಸ್ಕಾಟ್ಲೆಂಡ್ ವಿದೇಶವಾದರೆ ಮುಂದಿನ ಆರ್ಡರುಗಳು ಇಂಗ್ಲೆಂಡಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ಅರ್ಧ ಕಟ್ಟಿದ ಹಡಗನ್ನು ಬೇರೆಡೆ ಸುಲಭವಾಗಿ ಮುಗಿಸಲಾಗದು ಎಂಬುದಷ್ಟೇ ಆ ಕೆಲಸಗಾರರಿಗೆ ಕೆಲವು ವರ್ಷಗಳ ರಕ್ಷಣೆ. 2025ರಲ್ಲಿ ನಾರ್ವೆ ಇದೇ ಮಾದರಿಯ ಹಡಗುಗಳನ್ನು ಆರಿಸಿಕೊಂಡಿರುವುದು ಪರದೇಶದ ಗ್ರಾಹಕರೂ ಸಿಗಬಹುದೆಂದು ತೋರಿಸಿದೆ, ಆದರೆ ಆ ಮಾರಾಟವನ್ನು ಕುದುರಿಸಿದ್ದು ಲಂಡನ್ನಿನ ಸರ್ಕಾರ.

ಬ್ರೆಕ್ಸಿಟ್ ಇದೆಲ್ಲದರ ಮೇಲೆ ಇನ್ನೊಂದು ಗಂಟು ಹಾಕಿದೆ. 2016ರಲ್ಲಿ ಶೇ 62 ಸ್ಕಾಟಿಷ್ ಮತದಾರರು ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಲು ಮತ ಹಾಕಿದರು. ಸ್ವತಂತ್ರ ಸ್ಕಾಟ್ಲೆಂಡ್ ಮತ್ತೆ ಅಲ್ಲಿಗೆ ಸೇರಿದರೆ ಇಂಗ್ಲೆಂಡಿನೊಂದಿಗಿನ ಭೂಗಡಿಯೇ ಸುಂಕದ ಗಡಿಯಾಗುತ್ತದೆ. ಸ್ಕಾಟ್ಲೆಂಡ್ ಹೊರಗೆ ಮಾರುವ ಸರಕು ಮತ್ತು ಸೇವೆಗಳಲ್ಲಿ ಸುಮಾರು ಶೇ 60 ಹೋಗುವುದು ಆ ಗಡಿಯಾಚೆಯ ಉಳಿದ ಬ್ರಿಟನ್ನಿಗೆ, ಯುರೋಪಿಯನ್ ಒಕ್ಕೂಟಕ್ಕೆ ಹೋಗುವುದು ಸುಮಾರು ಐದರಲ್ಲೊಂದು ಪಾಲು. 2014ರಲ್ಲಿ ಈ ಆಯ್ಕೆಯ ಇಕ್ಕಟ್ಟು ಇರಲೇ ಇಲ್ಲ.

ನಿಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ನಿಮ್ಮ ಪಟ್ಟಿಯಲ್ಲೇ ಇದೆ, ಆದರೆ ಇಂದಿನ ಐರ್ಲೆಂಡ್ ಅಲ್ಲ, 1922ರ ಐರ್ಲೆಂಡ್. ಅದೂ ಇದೇ ಒಕ್ಕೂಟದಿಂದ ಹೊರಬಂತು. 1921ರ ಒಪ್ಪಂದದಲ್ಲಿ ಬ್ರಿಟನ್ನಿನ ಸಾಲದ ಒಂದು ಪಾಲನ್ನು ಹೊರಲು ಒಪ್ಪಿತ್ತು. 1925ರಲ್ಲಿ, ಉತ್ತರ ಐರ್ಲೆಂಡಿನ ಗಡಿ ಇದ್ದಂತೆಯೇ ಇರಲಿ ಎಂದು ಒಪ್ಪಿಕೊಂಡಾಗ ಆ ಹೊಣೆಯನ್ನು ಬ್ರಿಟನ್ ಬಿಟ್ಟುಕೊಟ್ಟಿತು. ಕೋವ್, ಬೆರ್‌ಹೇವನ್, ಲಾಖ್ ಸ್ವಿಲಿ ಎಂಬ ಮೂರು ಬಂದರುಗಳು ಬ್ರಿಟಿಷ್ ನೌಕಾಪಡೆಯ ಕೈಯಲ್ಲೇ ಉಳಿದವು. 1932ರಲ್ಲಿ ಐರ್ಲೆಂಡಿನ ಡಿ ವೆಲೆರಾ ಸರ್ಕಾರ, ರೈತರು ಜಮೀನು ಕೊಳ್ಳಲು ಪಡೆದಿದ್ದ ಸಾಲಕ್ಕಾಗಿ ಬ್ರಿಟನ್ನಿಗೆ ಕಟ್ಟಬೇಕಿದ್ದ ಕಂತುಗಳನ್ನು ನಿಲ್ಲಿಸಿತು, ಬ್ರಿಟನ್ ಐರಿಷ್ ಸರಕಿನ ಮೇಲೆ ಸುಂಕ ಹೇರಿತು, ಆರು ವರ್ಷ ಆರ್ಥಿಕ ಜಗಳ ನಡೆಯಿತು. 1938ರ ಏಪ್ರಿಲ್ 25ರಂದು ಎಲ್ಲವೂ ಒಟ್ಟಿಗೇ ಬಗೆಹರಿಯಿತು: ಬಂದರುಗಳು ಮರಳಿದವು, ಐರ್ಲೆಂಡ್ ಒಂದು ಕೋಟಿ ಪೌಂಡನ್ನು ಒಂದೇ ಗಂಟಿನಲ್ಲಿ ಕೊಟ್ಟಿತು, ಸುಂಕಗಳು ಸಡಿಲವಾದವು. ಫಾಸ್ಲೇನ್ ವಿಷಯವೂ ಒಂದೇ ಸಂಸತ್ತಿನ ಅವಧಿಯಲ್ಲಿ ತೀರದೆ, ಹೀಗೆ ಸಾಲ, ಗಡಿ, ಸುಂಕಗಳ ಜೊತೆಗೆ ಒಂದು ದೀರ್ಘ ಗುತ್ತಿಗೆಯ ರೂಪದಲ್ಲಿ ಇತ್ಯರ್ಥವಾಗುತ್ತದೆ ಎಂಬುದು ನನ್ನ ಎಣಿಕೆ. ನಾಣ್ಯದ ವಿಷಯದಲ್ಲಂತೂ ಐರ್ಲೆಂಡ್ ಇನ್ನೂ ನಿಧಾನವಾಗಿ ನಡೆಯಿತು. ಅದು 1928ರಲ್ಲಿ ತನ್ನದೇ ಪೌಂಡ್ ನೋಟುಗಳನ್ನು ತಂದರೂ ಅವುಗಳ ಬೆಲೆಯನ್ನು ಬ್ರಿಟಿಷ್ ಪೌಂಡಿಗೆ ಸರಿಸಮವಾಗಿ ಕಟ್ಟಿತ್ತು; ಆ ಕಟ್ಟನ್ನು ಬಿಚ್ಚಿದ್ದು 1979ರಲ್ಲಿ.